ಎದೆಯ ಕ್ಯಾನ್ಸರಿಗೆ ಜೀನ್ ಚಿಕಿತ್ಸೆ: ರೋಗನಿರೋಧಕ ವ್ಯವಸ್ಥೆಯ ಪಾತ್ರವನ್ನೂ ಜನರಿಗೆ ತಿಳಿಸಿ

ಮಾನ್ಯ ಸಂಪಾದಕರೇ,

ಜೀನ್ ಚಿಕಿತ್ಸೆಯಿಂದ, ಅಂದರೆ ದೇಹದ ಕೋಶಗಳಿಗೆ ಹೊಸ ಜೀನ್ ಸೇರಿಸುವ ಚಿಕಿತ್ಸೆಯಿಂದ, ಕ್ಯಾನ್ಸರ್ ಗುಣವಾಗುತ್ತದೆ ಎಂಬ ಅರ್ಥ ಬರುವ ಸುದ್ದಿಗಳು ಈಚೀಚೆಗೆ ಕನ್ನಡ ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತಿವೆ. ಅಂಥದ್ದೊಂದು ಸುದ್ದಿ ಅಚ್ಚಾದ ದಿನ ಬೆಳಗ್ಗೆಯೇ ನಮ್ಮಂಥ ಹಳೆಯ ಎದೆರೋಗ ವೈದ್ಯರಿಗೆ ಫೋನು ಬರುತ್ತದೆ. ಪುತ್ತೂರಿನಿಂದಲೋ ಕಾರ್ಕಳದಿಂದಲೋ ಯಾರದೋ ಮಗ, ಯಾರದೋ ಸೊಸೆ ಮಾತಾಡುತ್ತಾರೆ. ಮನೆಯ ಹಿರಿಯರ ಶ್ವಾಸಕೋಶದಲ್ಲಿ ಗಡ್ಡೆ ಇದೆ, ಎದೆಯಲ್ಲಿ ನೀರು ತುಂಬುತ್ತಿದೆ, ಪೇಪರಿನಲ್ಲಿ ಬಂದ ಚಿಕಿತ್ಸೆ ಮಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಇಂಥ ಸುದ್ದಿಗಳಲ್ಲಿ ಜೀನಿನ ಮಾತು ಧಾರಾಳವಾಗಿರುತ್ತದೆ, ಆದರೆ ರೋಗಿಯ ಸ್ವಂತ ರೋಗನಿರೋಧಕ ವ್ಯವಸ್ಥೆ ಆ ಚಿಕಿತ್ಸೆಗೆ ಹೇಗೆ ಸ್ಪಂದಿಸುತ್ತದೆ ಎಂಬುದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಎದೆಯ ಕ್ಯಾನ್ಸರುಗಳ, ಅಂದರೆ ಶ್ವಾಸಕೋಶ ಮತ್ತು ಅದರ ಪೊರೆಯ ಕ್ಯಾನ್ಸರುಗಳ, ವಿಷಯದಲ್ಲಿ ಮೂವತ್ತು ವರ್ಷಗಳ ಅನುಭವ ಹೇಳುವುದೇನೆಂದರೆ, ಫಲ ಕೊಡುವುದೂ ಅದೇ ಸ್ಪಂದನೆ, ಅಪಾಯ ತರುವುದೂ ಅದೇ ಸ್ಪಂದನೆ. ಇದು ಓದುಗರಿಗೆ ತಿಳಿಯಬೇಕು ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಎದೆಯೊಳಗಿನ ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ಶ್ವಾಸಕೋಶದ ಮೇಲ್ಮೈಯಲ್ಲಿ ಒಂದು, ಪಕ್ಕೆಲುಬುಗಳ ಒಳಮೈಯಲ್ಲಿ ಇನ್ನೊಂದು ಹೀಗೆ ಎರಡು ತೆಳುವಾದ ಪೊರೆಗಳಿವೆ. ಆರೋಗ್ಯವಂತರಲ್ಲಿ ಅವುಗಳ ನಡುವೆ ಇರುವುದು ಕೆಲವೇ ಮಿಲಿಲೀಟರ್ ದ್ರವ. ಕ್ಯಾನ್ಸರ್ ಆ ಪೊರೆಗೆ ತಗಲಿದಾಗ ಅಲ್ಲಿ ಒಂದೂವರೆ, ಎರಡು ಲೀಟರ್ ನೀರು ಸೇರಿಕೊಂಡು ಶ್ವಾಸಕೋಶವನ್ನು ಅದುಮಿಬಿಡುತ್ತದೆ, ರೋಗಿ ಮಲಗಲಾರದೆ ದಿಂಬಿಗೆ ಒರಗಿ ಕುಳಿತೇ ರಾತ್ರಿ ಕಳೆಯುತ್ತಾನೆ. ಬೆನ್ನಿನ ಬದಿಯಿಂದ, ಪಕ್ಕೆಲುಬಿನ ಮೇಲಂಚಿಗೆ ತಾಗುವಂತೆ ಸೂಜಿ ಹಾಕಿ ಆ ನೀರನ್ನು ತೆಗೆಯುತ್ತೇವೆ. ಹುಲ್ಲಿನ ಬಣ್ಣದ ನೀರು ಬಂದರೆ ಕ್ಷಯದ ನೆನಪಾಗುತ್ತದೆ, ರಕ್ತ ಬೆರೆತ ನೀರು ಬಂದರೆ ಕ್ಯಾನ್ಸರಿನ ಸಂಶಯ ಬಲವಾಗುತ್ತದೆ. ನೀರು ಖಾಲಿಯಾಗುತ್ತಾ ಬಂದಂತೆ ರೋಗಿಗೆ ಕೆಮ್ಮು ಶುರುವಾಗುತ್ತದೆ. ಮನೆಯವರು ಗಾಬರಿಯಾದರೂ ಅದು ಕುಗ್ಗಿ ಹೋಗಿದ್ದ ಶ್ವಾಸಕೋಶ ಮತ್ತೆ ಅರಳುತ್ತಿರುವುದರ ಲಕ್ಷಣ.

ಜೀನ್ ಚಿಕಿತ್ಸೆಯ ಸಂಶೋಧಕರನ್ನು ಆಕರ್ಷಿಸಿದ್ದು ಇದೇ ಜಾಗ. ಅದು ಮುಚ್ಚಿದ ಕೋಣೆ, ಸಣ್ಣ ನಳಿಕೆಯೊಂದರಿಂದ ಒಳಗೆ ಔಷಧ ಬಿಡಬಹುದು, ಅದೇ ನಳಿಕೆಯಿಂದ ಒಂದೆರಡು ದಿನದ ಮೇಲೆ ನೀರು ತೆಗೆದು ಒಳಗೆ ಏನಾಯಿತೆಂದು ನೋಡಬಹುದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸ್ಟೀವನ್ ಆಲ್ಬೆಲ್ಡಾ, ಡೇನಿಯಲ್ ಸ್ಟರ್ಮನ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಮೆಸೊಥೆಲಿಯೋಮಾ ರೋಗಿಗಳಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಮೆಸೊಥೆಲಿಯೋಮಾ ಎಂದರೆ ಆ ಪೊರೆಯಲ್ಲೇ ಹುಟ್ಟುವ ಕ್ಯಾನ್ಸರ್; ಹೆಚ್ಚಿನ ಪಾಲು ಕಲ್ನಾರಿನ (ಆಸ್ಬೆಸ್ಟಾಸ್) ಧೂಳಿನಿಂದ ಬರುವಂಥದ್ದು. ನೆಗಡಿ ತರುವ ಅಡೆನೊವೈರಸ್ಸನ್ನು ವೃದ್ಧಿಯಾಗದಂತೆ ಮಾರ್ಪಡಿಸಿ, ಅದರಲ್ಲಿ ಹರ್ಪಿಸ್ ವೈರಸ್ಸಿನ ಒಂದು ಜೀನನ್ನು ಕೂರಿಸಿ, ಎದೆಯೊಳಗೆ ಬಿಟ್ಟರು. ಆ ಜೀನ್ ಹೊಕ್ಕ ಕ್ಯಾನ್ಸರ್ ಕೋಶದಲ್ಲಿ ಒಂದು ಕಿಣ್ವ ತಯಾರಾಗುತ್ತದೆ. ಆಮೇಲೆ ಗ್ಯಾನ್‌ಸೈಕ್ಲೊವಿರ್ ಎಂಬ ಔಷಧ ಕೊಟ್ಟರೆ ಆ ಕೋಶದಲ್ಲಿ ಮಾತ್ರ ಅದು ವಿಷವಾಗಿ ಪರಿಣಮಿಸುತ್ತದೆ. ಲೆಕ್ಕಾಚಾರ ಚೊಕ್ಕವಾಗಿತ್ತು. ಆದರೆ ಬಯಾಪ್ಸಿ ಮಾಡಿ ನೋಡಿದಾಗ ಜೀನ್ ತಲುಪಿದ್ದು ಗಡ್ಡೆಯ ಮೇಲ್ಪದರದ ಕೆಲವು ಸಾಲು ಕೋಶಗಳಿಗೆ ಮಾತ್ರ, ಒಳಗಿನ ತಿರುಳಿಗೆ ತಲುಪಿರಲೇ ಇಲ್ಲ.

ಹ್ಯೂಸ್ಟನ್ನಿನಲ್ಲಿ ಜ್ಯಾಕ್ ರಾತ್ ಅವರ ತಂಡ ಶ್ವಾಸಕೋಶದ ಗಡ್ಡೆಗೆ, ಕೋಶಗಳ ಮಿತಿಮೀರಿದ ಬೆಳವಣಿಗೆಯನ್ನು ತಡೆಯುವ ಪಿ53 ಜೀನಿನ ಸರಿಯಾದ ಪ್ರತಿಯನ್ನು ಚುಚ್ಚಿ 1996ರಲ್ಲಿ ಪ್ರಕಟಿಸಿದ ಕೆಲಸಕ್ಕೂ ಇದೇ ಮಿತಿ ಇತ್ತು. ಕೆಟ್ಟ ಜೀನನ್ನು ರಿಪೇರಿ ಮಾಡುವುದಾದರೆ ಪ್ರತಿಯೊಂದು ಕ್ಯಾನ್ಸರ್ ಕೋಶವನ್ನೂ ತಲುಪಬೇಕು, ಅದು ಇಂದಿಗೂ ಸಾಧ್ಯವಾಗಿಲ್ಲ.

ಹಾಗಿದ್ದೂ ಪೆನ್ಸಿಲ್ವೇನಿಯಾದ ಆ ರೋಗಿಗಳಲ್ಲಿ ಇಬ್ಬರು ಆರು ವರ್ಷಕ್ಕೂ ಮಿಕ್ಕಿ ಬದುಕಿದರು. ಮೆಸೊಥೆಲಿಯೋಮಾದಲ್ಲಿ ಒಂದು, ಒಂದೂವರೆ ವರ್ಷ ಬದುಕುವುದೇ ಹೆಚ್ಚು ಎನ್ನುವ ಕಾಲವದು. ಮೇಲ್ಪದರದ ನಾಲ್ಕು ಕೋಶ ಸತ್ತರೆ ಇಷ್ಟು ಫಲ ಬರಲು ಸಾಧ್ಯವಿಲ್ಲ. ಸಂಶೋಧಕರು ಕೊಟ್ಟ ವಿವರಣೆ ಹೀಗಿದೆ: ವೈರಸ್ಸಿನ ಪ್ರವೇಶ ಮತ್ತು ಕೋಶಗಳ ಸಾವು ಎರಡೂ ಸೇರಿ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸಿರಬೇಕು, ಉಳಿದ ಗಡ್ಡೆಯನ್ನು ಹಿಡಿತದಲ್ಲಿಟ್ಟದ್ದು ರೋಗಿಯ ಸ್ವಂತ ಟಿ ಕೋಶಗಳೇ (ಕೆಟ್ಟ ಕೋಶಗಳನ್ನು ಗುರುತಿಸಿ ಕೊಲ್ಲುವ ಬಿಳಿ ರಕ್ತಕಣಗಳು) ಇರಬೇಕು. ಹಾಗೆ ನೋಡಿದರೆ ಇಲ್ಲಿ ಜೀನಿನ ಪಾತ್ರ, ಕಳ್ಳ ನುಗ್ಗಿದ್ದನ್ನು ಕಂಡು ಬೊಬ್ಬೆ ಹಾಕಿ ಊರವರನ್ನು ಎಬ್ಬಿಸಿದವನದ್ದು, ಹಿಡಿದದ್ದು ಊರವರು. ಈ ಅರಿವಿನ ಮೇಲೆಯೇ ಅವರು ಮುಂದಿನ ಪ್ರಯೋಗಗಳಲ್ಲಿ ಕೊಲ್ಲುವ ಜೀನನ್ನು ಬಿಟ್ಟು, ಎಚ್ಚರಿಸುವ ಜೀನನ್ನೇ, ಅಂದರೆ ಇಂಟರ್‌ಫೆರಾನ್ ಎಂಬ ಪ್ರೋಟೀನ್ ತಯಾರಿಸುವ ಜೀನನ್ನು, ಎದೆಯೊಳಗೆ ಬಿಡತೊಡಗಿದರು.

ಅಲ್ಲಿಯೂ ಒಂದು ತೊಡಕು ಎದುರಾಯಿತು. ಕ್ಯಾನ್ಸರಿನ ವಿರುದ್ಧ ಎದ್ದ ಅದೇ ರೋಗನಿರೋಧಕ ವ್ಯವಸ್ಥೆ ಔಷಧ ಹೊತ್ತು ತಂದ ವೈರಸ್ಸಿನ ವಿರುದ್ಧವೂ ಎದ್ದಿತು. ಮೊದಲ ಡೋಸ್ ಕೊಟ್ಟು ಒಂದೆರಡು ವಾರ ಬಿಟ್ಟು ಎರಡನೆಯದನ್ನು ಕೊಟ್ಟರೆ, ಅಷ್ಟರಲ್ಲಿ ರಕ್ತದಲ್ಲಿ ಪ್ರತಿಕಾಯಗಳು ಏರಿರುತ್ತಿದ್ದವು, ಎರಡನೆಯ ಡೋಸಿನ ಜೀನ್ ಕೋಶ ಸೇರುವ ಮೊದಲೇ ನಿಷ್ಫಲವಾಗುತ್ತಿತ್ತು. ಪ್ರತಿಕಾಯ ಏಳುವ ಮೊದಲೇ ಮುಗಿಸೋಣವೆಂದು ಆಮೇಲಿನ ಪ್ರಯೋಗದಲ್ಲಿ ಮೊದಲನೆಯ ಮತ್ತು ನಾಲ್ಕನೆಯ ದಿನ ಡೋಸ್ ಕೊಟ್ಟು, ಕೀಮೋಥೆರಪಿಯನ್ನು ಜತೆಗೆ ಸೇರಿಸಿದರು. ಇಷ್ಟು ಸೂಕ್ಷ್ಮದ ಕೆಲಸವನ್ನು ‘ಜೀನ್ ಚುಚ್ಚಿದರೆ ಕ್ಯಾನ್ಸರ್ ಮಾಯ’ ಎಂದು ತಲೆಬರಹ ಕೊಟ್ಟು ಮುಗಿಸುವುದು ಆ ಸಂಶೋಧಕರಿಗೂ ನಮ್ಮ ರೋಗಿಗಳಿಗೂ ಮಾಡುವ ಅನ್ಯಾಯ.

ಅಪಾಯದ ಮುಖವನ್ನೂ ಮರೆಮಾಚಬಾರದು. ಅದೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ, ಬೇರೆ ವಿಭಾಗದ ಬೇರೆ ಪ್ರಯೋಗವೊಂದರಲ್ಲಿ, ಯಕೃತ್ತಿನ ಆನುವಂಶಿಕ ಕಾಯಿಲೆಯಿದ್ದ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ಎಂಬ ಯುವಕ ಅಡೆನೊವೈರಸ್ ಪಡೆದ ನಾಲ್ಕು ದಿನಕ್ಕೆ, 1999ರ ಸೆಪ್ಟೆಂಬರ್ 17ರಂದು ತೀರಿಕೊಂಡ. ಕೊಂದದ್ದು ಜೀನಲ್ಲ, ವೈರಸ್ಸಿಗೆ ಅವನ ದೇಹ ತೋರಿದ ಉಗ್ರ ಪ್ರತಿಕ್ರಿಯೆ. ಮಂಗಗಳ ಮೇಲೆ ನಡೆದ ಹಿಂದಿನ ಪ್ರಯೋಗಗಳಲ್ಲಿ ಸಾವು ಸಂಭವಿಸಿದ್ದನ್ನು ಅವನು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ ತಿಳಿಸಿರಲಿಲ್ಲ ಎಂಬುದು ವಿಚಾರಣೆಯಲ್ಲಿ ಹೊರಬಂತು. ಇಂದು ಜಗತ್ತಿನಲ್ಲಿ ಜೀನ್ ಚಿಕಿತ್ಸೆಯ ಪ್ರಯೋಗಗಳ ಮೇಲೆ ಇರುವ ಬಿಗಿಗೆ ಆ ಹುಡುಗನ ಸಾವೇ ಮುಖ್ಯ ಕಾರಣ. ನಮ್ಮ ದೇಶದಲ್ಲಿಯೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರಲ್ಲಿ ಜೀನ್ ಚಿಕಿತ್ಸೆಗೆ ರಾಷ್ಟ್ರೀಯ ಮಾರ್ಗಸೂಚಿ ಹೊರಡಿಸಿದೆ.

ಎದೆಯ ಕ್ಯಾನ್ಸರಿನಲ್ಲಿ ರೋಗನಿರೋಧಕ ವ್ಯವಸ್ಥೆಯನ್ನು ಎಬ್ಬಿಸುವ ಕೆಲಸವನ್ನು ಇಂದು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿರುವುದು ಜೀನ್ ಅಲ್ಲ, ಇಮ್ಯುನೋಥೆರಪಿ ಔಷಧಗಳು. ಟಿ ಕೋಶಗಳಿಗೆ ಸಹಜವಾಗಿಯೇ ಇರುವ ತಡೆಗಳನ್ನು ಕ್ಯಾನ್ಸರ್ ತನ್ನ ರಕ್ಷಣೆಗೆ ಬಳಸಿಕೊಳ್ಳುತ್ತದೆ. ಆ ತಡೆಗಳನ್ನು ತೆಗೆಯುವ ದಾರಿ ತೋರಿದ್ದಕ್ಕೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಮೆಸೊಥೆಲಿಯೋಮಾದಲ್ಲಿ ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಎಂಬ ಇಂಥ ಎರಡು ಔಷಧಗಳ ಜೋಡಿಯನ್ನು ಕೀಮೋಥೆರಪಿಯೊಂದಿಗೆ ಹೋಲಿಸಿದಾಗ ರೋಗಿಗಳ ಮಧ್ಯಕ ಆಯುಷ್ಯ (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) 14.1 ತಿಂಗಳಿನಿಂದ 18.1 ತಿಂಗಳಿಗೆ ಏರಿತು. ಶಸ್ತ್ರಕ್ರಿಯೆ ಮಾಡಲಾಗದ ಮೂರನೆಯ ಹಂತದ ಶ್ವಾಸಕೋಶ ಕ್ಯಾನ್ಸರಿನಲ್ಲಿ ಕೀಮೋ ಮತ್ತು ವಿಕಿರಣ ಮುಗಿದ ಮೇಲೆ ಅದೇ ಬಗೆಯ ಡರ್ವಾಲುಮ್ಯಾಬ್ ಪಡೆದವರಲ್ಲಿ ಐದು ವರ್ಷ ಬದುಕುಳಿದವರು ಶೇಕಡಾ 42.9, ಪಡೆಯದವರಲ್ಲಿ ಶೇಕಡಾ 33.4. ಎದೆರೋಗಗಳಲ್ಲಿ ಕೆಲಸ ಮಾಡಿದ ನನ್ನಂಥವನಿಗೆ ಇವು ಸಣ್ಣ ಅಂಕಿಗಳಲ್ಲ. ಹಾಗೆಂದು ಇವು ‘ಗುಣ’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಅಂಕಿಗಳೂ ಅಲ್ಲ.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ಇಮ್ಯುನೋಥೆರಪಿ ಮಂಗಳೂರು, ಮಣಿಪಾಲಗಳ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಆದರೆ ಔಷಧ ಪಡೆದ ರೋಗಿ ಅದೇ ಸಂಜೆ ಸುಳ್ಯಕ್ಕೋ ಕುಂದಾಪುರಕ್ಕೋ ಮರಳುತ್ತಾನೆ. ತಡೆ ತೆಗೆದ ಟಿ ಕೋಶಗಳು ಕೆಲವರಲ್ಲಿ ಕ್ಯಾನ್ಸರನ್ನು ಬಿಟ್ಟು ಸ್ವಂತ ಅಂಗಗಳ ಮೇಲೆ ತಿರುಗುತ್ತವೆ: ಥೈರಾಯ್ಡ್, ಕರುಳು, ಯಕೃತ್ತು, ಎಲ್ಲಕ್ಕಿಂತ ಭಯದ್ದು ಶ್ವಾಸಕೋಶ. ಇದು ಚಿಕಿತ್ಸೆಯ ನಡುವೆ ಬರಬಹುದು, ಕೊನೆಯ ಡೋಸ್ ಮುಗಿದು ತಿಂಗಳುಗಳ ಮೇಲೂ ಬರಬಹುದು. ಲಕ್ಷಣಗಳೇನು? ಒಣಕೆಮ್ಮು, ಏದುಸಿರು, ಕೆಲವೊಮ್ಮೆ ಜ್ವರ. ಜುಲೈ, ಆಗಸ್ಟ್ ತಿಂಗಳ ಮಳೆಯಲ್ಲಿ ಕರಾವಳಿಯ ಯಾವ ಕ್ಲಿನಿಕ್ಕಿಗೆ ಹೋದರೂ ಕಾಣುವುದು ಇವೇ ಲಕ್ಷಣಗಳು. ಮಲೇರಿಯಾ, ಡೆಂಗಿ, ಇಲಿಜ್ವರ, ಫ್ಲೂ ಎಲ್ಲವೂ ಒಟ್ಟಿಗೆ ಇರುವ ಕಾಲದಲ್ಲಿ ಊರಿನ ವೈದ್ಯರು ರಕ್ತಪರೀಕ್ಷೆ ಬರೆದು, ಆ್ಯಂಟಿಬಯಾಟಿಕ್ ಕೊಟ್ಟು, ಮೂರು ದಿನ ಬಿಟ್ಟು ಬನ್ನಿ ಎನ್ನುವುದು ತೀರಾ ಸಹಜ. ರೋಗಿಯೂ ತಾನು ಕ್ಯಾನ್ಸರಿಗೆ ‘ಇಂಜೆಕ್ಷನ್’ ತೆಗೆದುಕೊಳ್ಳುತ್ತಿದ್ದೇನೆ ಎಂದಷ್ಟೇ ಹೇಳುತ್ತಾನೆ, ಅದು ಕೀಮೋ ಅಲ್ಲ ಎಂಬುದು ಅವನಿಗೂ ಗೊತ್ತಿರುವುದಿಲ್ಲ. ಆ ಮೂರು ದಿನಗಳಲ್ಲಿ ಶ್ವಾಸಕೋಶದ ಉರಿಯೂತ ಕೈಮೀರಿ ಹೋಗಬಹುದು. ಸಕಾಲದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ, ಸೋಂಕು ಇದೆಯೇ ಎಂದು ನೋಡಿ, ತಜ್ಞರ ನಿಗಾದಲ್ಲಿ ಸ್ಟಿರಾಯ್ಡ್ ಆರಂಭಿಸಿದರೆ ಬಹುಪಾಲು ರೋಗಿಗಳು ಚೇತರಿಸಿಕೊಳ್ಳುತ್ತಾರೆ.

ಇದಕ್ಕೆ ಕ್ಷಯ ಸೇರಿಕೊಂಡರೆ ಸಮಸ್ಯೆ ಇನ್ನಷ್ಟು ಕಗ್ಗಂಟಾಗುತ್ತದೆ. ನಮ್ಮಲ್ಲಿ ಬಹಳ ಮಂದಿಯ ಶ್ವಾಸಕೋಶದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಸುಮ್ಮನೆ ಮಲಗಿರುತ್ತದೆ, ಇಮ್ಯುನೋಥೆರಪಿ ಪಡೆಯುತ್ತಿರುವವರಲ್ಲಿ ಅದು ಎಚ್ಚೆತ್ತ ಉದಾಹರಣೆಗಳಿವೆ. ಉರಿಯೂತಕ್ಕೆಂದು ಕೊಡುವ ಸ್ಟಿರಾಯ್ಡ್ ಕೂಡ ಅದನ್ನು ಎಚ್ಚರಿಸಬಲ್ಲದು. ಇದರ ತಿರುವುಮುರುವೂ ನಡೆಯುತ್ತದೆ. ಎಕ್ಸ್‌ರೇಯಲ್ಲಿ ಕಲೆ ಕಂಡ ಕೂಡಲೇ, ಕಫದ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ, ಕ್ಷಯವೆಂದೇ ಭಾವಿಸಿ ತಿಂಗಳುಗಟ್ಟಲೆ ಮಾತ್ರೆ ನುಂಗಿಸಿ, ಕೊನೆಗೆ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಶಸ್ತ್ರಕ್ರಿಯೆಯ ಹಂತ ದಾಟಿಹೋದ ರೋಗಿಗಳನ್ನು ನನ್ನ ವೃತ್ತಿಯ ಉದ್ದಕ್ಕೂ ಕಂಡಿದ್ದೇನೆ. ಕ್ಷಯದ ಬ್ಯಾಕ್ಟೀರಿಯಾವನ್ನು ಬೇಗ ಪತ್ತೆಹಚ್ಚುವ ಸಿಬಿನ್ಯಾಟ್ ಪರೀಕ್ಷೆ ಕೈಗೆಟುಕುವ ಈ ದಿನಗಳಲ್ಲಿ, ಪುರಾವೆಯಿಲ್ಲದೆ ಕ್ಷಯದ ಮಾತ್ರೆ ಶುರುಮಾಡಿ ಬಯಾಪ್ಸಿಯನ್ನು ಮುಂದೂಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಬಯಾಪ್ಸಿ ಆದ ಮೇಲೂ ಅವಸರ ಕೂಡದು. ಭಾರತೀಯರಲ್ಲಿ ಅಡೆನೊಕಾರ್ಸಿನೋಮಾ ಎಂಬ ಬಗೆಯ ಶ್ವಾಸಕೋಶ ಕ್ಯಾನ್ಸರುಗಳಲ್ಲಿ ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇಜಿಎಫ್‌ಆರ್ ಎಂಬ ಜೀನಿನಲ್ಲಿ ಬದಲಾವಣೆ ಇರುತ್ತದೆ. ಅಂಥವರಿಗೆ ಇಮ್ಯುನೋಥೆರಪಿ ಅಷ್ಟಾಗಿ ಫಲ ಕೊಡುವುದಿಲ್ಲ, ಓಸಿಮರ್ಟಿನಿಬ್‌ನಂಥ ಮಾತ್ರೆಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಈ ಜೀನ್ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಮೊದಲು ಇಮ್ಯುನೋಥೆರಪಿ ಕೊಟ್ಟು, ಬೆನ್ನಿಗೇ ಓಸಿಮರ್ಟಿನಿಬ್ ಶುರುಮಾಡಿದರೆ ಶ್ವಾಸಕೋಶದ ತೀವ್ರ ಉರಿಯೂತದ ಅಪಾಯ ಹೆಚ್ಚುತ್ತದೆ ಎಂಬುದು ಗೊತ್ತಿರುವ ಸಂಗತಿ. ಓಸಿಮರ್ಟಿನಿಬ್ ಮತ್ತು ಡರ್ವಾಲುಮ್ಯಾಬ್ ಎರಡರ ಮೇಲೂ ಕೇಂದ್ರ ಸರಕಾರ 2024ರಲ್ಲಿ ಆಮದು ಸುಂಕ ತೆಗೆದುಹಾಕಿತು, ಒಳ್ಳೆಯದೇ ಆಯಿತು. ಆದರೆ ಯಾರಿಗೆ ಯಾವ ಔಷಧ ಎಂದು ನಿರ್ಧರಿಸುವ ಪರೀಕ್ಷೆಯ ಖರ್ಚು ಬಡ ರೋಗಿಯ ಕೈಯಿಂದ ಹೋಗುವುದಾದರೆ, ಬೀಡಿ ಕಟ್ಟಿ ಸಂಸಾರ ತೂಗಿಸುವ ಮನೆಯವರು ಆ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ. ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಗೆ ಬರುವ ಪ್ರತಿಯೊಬ್ಬ ಶ್ವಾಸಕೋಶ ಕ್ಯಾನ್ಸರ್ ರೋಗಿಗೆ ಈ ಪರೀಕ್ಷೆ ಖರ್ಚಿಲ್ಲದೆ ಆಗುವಂತಿರಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕಾರ್-ಟಿ ಚಿಕಿತ್ಸೆಯ ಬಗ್ಗೆಯೂ ಬಹಳ ಮಂದಿ ಕೇಳುತ್ತಾರೆ. ಬಾಂಬೆ ಐಐಟಿ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆಯ ಸಹಯೋಗದಲ್ಲಿ ರೂಪುಗೊಂಡ ದೇಶದ ಮೊದಲ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿ, 2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿಯವರು ಅದನ್ನು ಲೋಕಾರ್ಪಣೆ ಮಾಡಿದರು. ರೋಗಿಯ ಟಿ ಕೋಶಗಳನ್ನು ಹೊರತೆಗೆದು, ಅವುಗಳಿಗೆ ಹೊಸ ಜೀನ್ ಸೇರಿಸಿ, ಮರಳಿ ದೇಹಕ್ಕೆ ಬಿಡುವ ಈ ವಿಧಾನದಲ್ಲಿ ಜೀನ್ ಚಿಕಿತ್ಸೆ ಮತ್ತು ರೋಗನಿರೋಧಕ ಚಿಕಿತ್ಸೆ ಎರಡೂ ಒಂದಾಗಿವೆ. ನಮಗೆಲ್ಲ ಹೆಮ್ಮೆಯ ವಿಷಯವೇ. ಆದರೆ ಅನುಮತಿ ಇರುವುದು ಕೆಲವು ಬಗೆಯ ರಕ್ತದ ಕ್ಯಾನ್ಸರುಗಳಿಗೆ ಮಾತ್ರ. ಗಟ್ಟಿ ಗಡ್ಡೆಯೊಳಗೆ ಟಿ ಕೋಶ ನುಗ್ಗುವುದೂ ಕಷ್ಟ, ನುಗ್ಗಿದ ಮೇಲೆ ದಣಿಯದೆ ಉಳಿಯುವುದೂ ಕಷ್ಟ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ಪ್ರಸಾದ್ ಅದುಸುಮಿಲ್ಲಿ ಅವರ ತಂಡ ಕ್ಯಾನ್ಸರ್ ಕೋಶದ ಮೈಮೇಲಿರುವ ಮೆಸೊಥೆಲಿನ್ ಎಂಬ ಗುರುತನ್ನು ಹುಡುಕಿ ಹೋಗುವ ಕಾರ್-ಟಿ ಕೋಶಗಳನ್ನು ನೇರವಾಗಿ ಎದೆಯ ಪೊರೆಗಳ ನಡುವೆ ಬಿಟ್ಟು, ಆಮೇಲೆ ಇಮ್ಯುನೋಥೆರಪಿ ಔಷಧ ಕೊಟ್ಟು ಆಶಾದಾಯಕ ಫಲಿತಾಂಶವನ್ನು 2021ರಲ್ಲಿ ಪ್ರಕಟಿಸಿತು. ಅದು ಕೆಲವೇ ರೋಗಿಗಳ ಮೇಲಿನ ಮೊದಲ ಹಂತದ ಪ್ರಯೋಗ.

ಅನುಮತಿ ಸಿಕ್ಕ ಚಿಕಿತ್ಸೆಗೂ ಪ್ರಯೋಗದ ಹಂತದಲ್ಲಿರುವುದಕ್ಕೂ ಇರುವ ಈ ವ್ಯತ್ಯಾಸ ತಿಳಿಯದೆ ಮೋಸಹೋದವರನ್ನು ನೋಡಿ ನನಗೆ ಸಂಕಟವಾಗಿದೆ. ಬೆಳ್ತಂಗಡಿ ಕಡೆಯ ಒಂದು ಕುಟುಂಬ ದೂರದ ನಗರವೊಂದರ ಖಾಸಗಿ ಕೇಂದ್ರದಲ್ಲಿ ‘ರೋಗನಿರೋಧಕ ಕೋಶ ಚಿಕಿತ್ಸೆ’ ಎಂಬ ಹೆಸರಿನ ಚುಚ್ಚುಮದ್ದಿಗಾಗಿ ಅಡಿಕೆ ತೋಟದ ಒಂದು ಪಾಲನ್ನೇ ಮಾರಿತು. ಅವರು ತಂದು ತೋರಿಸಿದ ಕಾಗದಗಳಲ್ಲಿ ಔಷಧದ ಹೆಸರಿರಲಿಲ್ಲ, ಪ್ರಯೋಗದ ನೋಂದಣಿ ಸಂಖ್ಯೆ ಇರಲಿಲ್ಲ, ನೈತಿಕ ಸಮಿತಿಯ ಒಪ್ಪಿಗೆಯ ಉಲ್ಲೇಖವೂ ಇರಲಿಲ್ಲ. ಇದ್ದದ್ದು ಹಣ ಕಟ್ಟಿದ ರಸೀದಿಗಳು ಮಾತ್ರ. ಅನುಮತಿ ಇಲ್ಲದ ಜೀನ್ ಅಥವಾ ಕೋಶ ಚಿಕಿತ್ಸೆಯನ್ನು ನೋಂದಾಯಿತ ಪ್ರಯೋಗದ ಹೊರಗೆ ಕೊಡುವಂತಿಲ್ಲ. ನಮ್ಮ ದೇಶದ ಪ್ರಯೋಗಗಳ ನೋಂದಣಿ ಸಿಟಿಆರ್‌ಐ ಜಾಲತಾಣದಲ್ಲಿ ಯಾರಿಗೂ ನೋಡಲು ಸಿಗುತ್ತದೆ. ಪ್ರಯೋಗದ ಹಂತದಲ್ಲಿರುವ ಔಷಧಕ್ಕೆ ರೋಗಿಯಿಂದಲೇ ಹಣ ಕೇಳಿದರೆ ಅಲ್ಲಿಗೇ ಎದ್ದು ಬರಬೇಕು. ರೋಗನಿರೋಧಕ ಶಕ್ತಿ ‘ಹೆಚ್ಚಿಸುವ’ ಪುಡಿ, ಟಾನಿಕ್ಕುಗಳಿಗೂ ಮೇಲೆ ವಿವರಿಸಿದ ವಿಜ್ಞಾನಕ್ಕೂ ಯಾವ ಸಂಬಂಧವೂ ಇಲ್ಲ.

ಹಣದ ಮಾತು ಬಂದಾಗ ಟಾಟಾ ಮೆಮೋರಿಯಲ್‌ನ ಒಂದು ಕೆಲಸವನ್ನು ನೆನೆಯಲೇಬೇಕು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ರೂಢಿಯ 240 ಮಿಲಿಗ್ರಾಮಿನ ಬದಲು ಬರೀ 20 ಮಿಲಿಗ್ರಾಂ ನಿವೊಲುಮ್ಯಾಬನ್ನು ಮೂರು ವಾರಕ್ಕೊಮ್ಮೆ ಇತರ ಔಷಧಗಳ ಜತೆಗೆ ಕೊಟ್ಟಾಗ, ಒಂದು ವರ್ಷ ಬದುಕುಳಿದವರ ಪ್ರಮಾಣ, ಆ ಇತರ ಔಷಧಗಳನ್ನಷ್ಟೇ ಪಡೆದವರಲ್ಲಿದ್ದ ಶೇಕಡಾ 16.3ರಿಂದ 43.4ಕ್ಕೆ ಏರಿತು. ಇದನ್ನು ಶ್ವಾಸಕೋಶಕ್ಕೆ ಹಾಗೆಯೇ ಅನ್ವಯಿಸುವಂತಿಲ್ಲ, ಅದಕ್ಕೆ ಬೇರೆಯೇ ಪ್ರಯೋಗ ನಡೆಯಬೇಕು. ಕರಾವಳಿಯಲ್ಲಿ ಇಷ್ಟೊಂದು ವೈದ್ಯಕೀಯ ಕಾಲೇಜುಗಳಿದ್ದೂ ಅಂಥ ಪ್ರಶ್ನೆಯನ್ನು ಅವೆಲ್ಲ ಸೇರಿ ಕೈಗೆತ್ತಿಕೊಳ್ಳಬಾರದೇ ಎಂದು ನನಗೆ ಬಹಳ ಸಲ ಅನ್ನಿಸಿದೆ.

ಇನ್ನೊಂದು ಸಂಗತಿಯನ್ನು ಚುಟುಕಾಗಿ ಹೇಳುತ್ತೇನೆ. ಕಲ್ನಾರಿನ ಧೂಳು ಒಳಹೊಕ್ಕು ಮೆಸೊಥೆಲಿಯೋಮಾ ತಲೆದೋರಲು ಮೂವತ್ತು, ನಲವತ್ತು ವರ್ಷ ಬೇಕು. ನಮ್ಮ ಜಿಲ್ಲೆಗಳಿಂದ ಹಡಗಿನ ಇಂಜಿನ್ ಕೋಣೆಗಳಿಗೆ, ಗಲ್ಫಿನ ರಿಫೈನರಿಗಳಿಗೆ ದುಡಿಯಲು ಹೋದ ತಲೆಮಾರು ಈಗ ಆ ವಯಸ್ಸಿಗೆ ಬಂದಿದೆ. ಎದೆಯಲ್ಲಿ ನೀರು ತುಂಬಿದವರನ್ನು ನೋಡುವ ಯುವ ವೈದ್ಯರು ಸಿಗರೇಟು, ಬೀಡಿಯ ಬಗ್ಗೆ ಕೇಳುವಂತೆಯೇ ಹಿಂದೆ ಎಲ್ಲಿ, ಏನು ಕೆಲಸ ಮಾಡಿದ್ದಿರಿ ಎಂದೂ ಕೇಳಬೇಕು.

ತಮ್ಮ ಪತ್ರಿಕೆಗೆ ನನ್ನ ವಿನಂತಿ ಇಷ್ಟೇ: ಇಂಥ ಸುದ್ದಿ ಹಾಕುವಾಗ ಪ್ರಯೋಗ ನಡೆದದ್ದು ಇಲಿಯ ಮೇಲೋ ಮನುಷ್ಯರ ಮೇಲೋ, ಎಷ್ಟು ಮಂದಿಯ ಮೇಲೆ, ರಕ್ತದ ಕ್ಯಾನ್ಸರಿಗೋ ಗಟ್ಟಿ ಗಡ್ಡೆಗೋ, ದೇಹದ ಪ್ರತಿಕ್ರಿಯೆಯಿಂದ ಯಾವ ತೊಂದರೆಗಳು ಕಂಡವು ಎಂಬ ನಾಲ್ಕು ಸಾಲನ್ನೂ ದಯವಿಟ್ಟು ಸೇರಿಸಿ. ಇಮ್ಯುನೋಥೆರಪಿ ಕೊಡುವ ಆಸ್ಪತ್ರೆಗಳಲ್ಲಿ ನನ್ನ ಕೋರಿಕೆ, ಪ್ರತಿ ರೋಗಿಯ ಜೇಬಿನಲ್ಲಿ ಇಟ್ಟುಕೊಳ್ಳುವಂಥ ಒಂದು ಕಾರ್ಡು ಕೊಡಿ. ಔಷಧದ ಹೆಸರು, ಕೊನೆಯ ಡೋಸಿನ ದಿನಾಂಕ, ರಾತ್ರಿ ಹೊತ್ತಿನಲ್ಲೂ ಎತ್ತುವ ಒಂದು ಫೋನ್ ನಂಬರು, ಮತ್ತು ‘ಇವರಿಗೆ ಕೆಮ್ಮು, ಏದುಸಿರು, ಬಿಡದ ಭೇದಿ ಕಂಡರೆ ಕಾಯದೆ ನಮಗೆ ತಿಳಿಸಿ’ ಎಂಬ ವಾಕ್ಯ ಅದರಲ್ಲಿ ಕನ್ನಡದಲ್ಲಿರಲಿ. ಕೊಡುವಾಗ ರೋಗಿಗೆ ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಒಮ್ಮೆ ಬಾಯಿಬಿಟ್ಟು ವಿವರಿಸಿ. ಇದಕ್ಕೆ ಯಂತ್ರವಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿಯ ಆರೋಗ್ಯ ಇಲಾಖೆಗಳು ಮನಸ್ಸು ಮಾಡಿ ತಾಲೂಕು ಆಸ್ಪತ್ರೆಗಳ ವೈದ್ಯರಿಗೆ ಈ ಕಾರ್ಡಿನ ಪರಿಚಯ ಮಾಡಿಕೊಟ್ಟರೆ ಬರುವ ಮಳೆಗಾಲಕ್ಕೆ ಮುಂಚೆಯೇ ಇದನ್ನು ಜಾರಿಗೆ ತರಬಹುದು.

ಇಂತು,
ನಿವೃತ್ತ ಎದೆರೋಗ ತಜ್ಞ
ಬಿಜೈ, ಮಂಗಳೂರು